ತೊಕಿಕೊ ಓಗಿನೋಳ ಹೆಬ್ಬೆರಳು

ಹನೆಮಾರು ಆಟಿಕೆ ಕಂಪನಿಯಲ್ಲಿ ಕೆಲಸಕ್ಕಿದ್ದದ್ದು ಆರುನೂರು ಜನ ಮತ್ತು ಒಂದು ಹೆಬ್ಬೆರಳು.

ಆ ಹೆಬ್ಬೆರಳು ತೊಕಿಕೊ ಓಗಿನೋಳ ಬಲಗೈಯದು. ಕ್ಯೋಟೋದ ದಕ್ಷಿಣ ತುದಿಯಲ್ಲಿ, ರೈಲು ಹಳಿಯಾಚೆ ಇದ್ದ ಕಚೇರಿಯ ತಪಾಸಣೆ ಕೋಣೆಯಲ್ಲಿ ಅದು ಬೆಳಗ್ಗೆ ಎಂಟೂವರೆಗೆ ಗುಂಡಿ ಒತ್ತಲು ಕೂತರೆ ಸಂಜೆ ಐದಕ್ಕೆ ಏಳುತ್ತಿತ್ತು. ಮೂವತ್ತೊಂದು ವರ್ಷ ಹೀಗೆ. ಉಳಿದ ತೊಕಿಕೊ ಅದರ ಹಿಂದೆ ಹೋಗಿ ಬರುತ್ತಿದ್ದಳು, ಅಷ್ಟೆ. ಒಂದು ಗುಂಡಿ ಒತ್ತಿದರೆ ಸಾಕು, ಅದನ್ನು ಕೂರಿಸಿದ ಹೆಂಗಸು ಬೆಳಗ್ಗೆ ಗಂಡನ ಜೊತೆ ಜಗಳ ಆಡಿ ಬಂದಿದ್ದಾಳೋ ಇಲ್ಲವೋ ಅದಕ್ಕೆ ಗೊತ್ತಾಗುತ್ತಿತ್ತು. ಜಗಳದಲ್ಲಿ ತಪ್ಪು ಯಾರದು ಎಂಬುದೂ ಗೊತ್ತಾಗುತ್ತಿತ್ತು ಎಂದು ಕೆಲವರು ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಮಳೆಗಾಲದಲ್ಲಿ ಮಾತ್ರ ಹಾಗಾಗುತ್ತಿತ್ತು.

ಹನೆಮಾರು ಶುರುವಾದದ್ದು ಗರಿಚೆಂಡು ಮಾಡುವ ಅಂಗಡಿಯಾಗಿ. ಹೊಸ ವರ್ಷದಲ್ಲಿ ಹುಡುಗಿಯರು ಮರದ ಹಲಗೆಯಿಂದ ಬಡಿದು ಆಡುತ್ತಾರಲ್ಲ, ಅಂಟುವಾಳದ ಕರಿ ಬೀಜಕ್ಕೆ ಗರಿ ಚುಚ್ಚಿದ ಚೆಂಡು, ಅದು. ಅಂಗಡಿ ಇಟ್ಟ ಹಿರಿಯ ಕುಜುಮಿ ಎರಡು ಕಟ್ಟಳೆ ಮಾಡಿ ಸತ್ತ. ಒಂದು, ನಮ್ಮ ಬಾಗಿಲಿಂದ ಹೊರಗೆ ಹೋಗುವುದೆಲ್ಲ ಹಾರಬೇಕು. ಎರಡು, ಅದರ ಮೇಲೆ ಒಬ್ಬರ ಬೆರಳಚ್ಚೂ ಕಾಣಬಾರದು. ಮಗನ ಕಾಲಕ್ಕೆ ತಗಡಿನ ಆಟಿಕೆ ಬಂತು, ಆಮೇಲೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರಗಳು ಬಂದವು. ಆ ಯಂತ್ರಗಳ ಗುಂಡಿಯನ್ನು ಸರಿಯಾಗಿ ಅಂಟುವಾಳದ ಬೀಜದ ಅಳತೆಗೇ ಮಾಡಿಸಿದರು. ಯಂತ್ರ ಎಷ್ಟು ಬದಲಾದರೂ ಗುಂಡಿಯ ಅಳತೆ ಬದಲಾಗಲಿಲ್ಲ. ಹೆಸರುಗಳೂ ಹಾರುವಂಥವೇ.

ಹೆಸರು ಹಾರಿದರೆ ಯಂತ್ರ ಹಾರಬೇಕೆಂದೇನೂ ಇಲ್ಲ. ೧೯೯೨ರಲ್ಲಿ ಬಂದ ‘ಟೊಂಬೊ’, ಅಂದರೆ ಏರೋಪ್ಲೇನ್ ಚಿಟ್ಟೆ, ಎರಡು ಇಟ್ಟಿಗೆಯಷ್ಟು ಭಾರವಿತ್ತು. ಆಟದಲ್ಲಿ ಸೋತ ಮಕ್ಕಳಿಗೆ ಬೇಜಾರಾಗುತ್ತಿತ್ತು, ಗೆದ್ದ ಮಕ್ಕಳ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಕೊಂಡವರೇ ಕೆಲವರು, ಕೊಂಡು ಆಡಿದವರು ಇನ್ನೂ ಕಡಿಮೆ. ಕೊನೆಗೆ ಕ್ಯೋಟೋದ ಗೃಹಿಣಿಯರು ಅದಕ್ಕೊಂದು ಉಪಯೋಗ ಕಂಡುಹಿಡಿದರು: ಉಪ್ಪಿನಕಾಯಿಯ ಮರದ ಪೀಪಾಯಿಯ ಮೇಲೆ ಹೇರುವ ಕಲ್ಲಿನ ಬದಲು ಟೊಂಬೊ. ತೊಕಿಕೊಳ ಅತ್ತೆಯೂ ಅದನ್ನೇ ಇಟ್ಟಿದ್ದಳು. “ನಿಮ್ಮ ಕಂಪನಿ ಇಷ್ಟು ವರ್ಷದಲ್ಲಿ ಮಾಡಿದ ಒಂದೇ ಕೆಲಸಕ್ಕೆ ಬರೋ ಸಾಮಾನು ಇದು,” ಎನ್ನುತ್ತಿದ್ದಳು.

ಊರಿಗೆಲ್ಲ ಇದು ನಗೆಯಾದರೂ ತೊಕಿಕೊಗೆ ನಗು ಬರುತ್ತಿರಲಿಲ್ಲ. ಟೊಂಬೊದ ಒಪ್ಪಿಗೆ ಪತ್ರದಲ್ಲಿ ಅವಳ ಮೊಹರೂ ಇತ್ತು.

ಒಪ್ಪಿಗೆ ಪತ್ರವೆಂದರೆ ಒಂದು ಹಾಳೆ. ಹೊಸ ಯಂತ್ರವನ್ನು ಕಾರ್ಖಾನೆಗೆ ಬಿಡುವ ಮುನ್ನ ಅದು ಮೇಜಿನಿಂದ ಮೇಜಿಗೆ ಹೋಗುತ್ತದೆ. ಇಪ್ಪತ್ಮೂರು ಚೌಕ, ಇಪ್ಪತ್ಮೂರು ಜನರ ಕೆಂಪು ಮೊಹರು, ಎಡತುದಿಯಲ್ಲಿ ಅಧ್ಯಕ್ಷರದು. ಅಧ್ಯಕ್ಷರ ಮೊಹರು ನೆಟ್ಟಗೆ ಬೀಳುತ್ತದೆ. ಉಳಿದವರು ತಮ್ಮದನ್ನು ಎಡಕ್ಕೆ ಒಂದಿಷ್ಟು ವಾಲಿಸಿ ಒತ್ತಬೇಕು, ದೊಡ್ಡವರ ಮುಂದೆ ತಲೆ ಬಾಗಿದ ಹಾಗೆ. ಕೆಳಗಿನವರು ಹೆಚ್ಚು ಬಾಗಬೇಕು. ತೊಕಿಕೊ ಎಲ್ಲರಿಗಿಂತ ಕೆಳಗೆ, ಆದ್ದರಿಂದ ಅವಳ ಹೆಸರು ಹೆಚ್ಚುಕಮ್ಮಿ ಮಲಗಿಯೇ ಇರುತ್ತಿತ್ತು. ಟೊಂಬೊ ಹಿಡಿದಾಗ ಅವಳ ಮಣಿಕಟ್ಟು ಬೇಡ ಎಂದಿತ್ತು. ಮಣಿಕಟ್ಟಿನ ಮಾತು ಕೇಳುವುದು ತನ್ನ ಕೆಲಸವಲ್ಲ, ತನ್ನದು ಗುಂಡಿ ಮಾತ್ರ ಎಂದುಕೊಂಡು ಅವಳು ಚೆನ್ನಾಗಿ ಬಾಗಿಸಿ ಮೊಹರು ಒತ್ತಿದ್ದಳು.

ಈಗ ೧೯೯೬ರ ನವೆಂಬರು. ಹೊಸ ಯಂತ್ರದ ಹೆಸರು ‘ಹಿಬಾರಿ’, ಬಾನಾಡಿ. ಟೊಂಬೊ ತಂದ ಅವಮಾನಕ್ಕೆ ಕಂಪನಿ ಇದನ್ನು ಎಷ್ಟು ಹಗುರ ಮಾಡಿತ್ತೆಂದರೆ, ಮೇಜಿನ ಮೇಲಿಟ್ಟು ಸೀನುವಾಗ ಒಂದು ಕೈ ಅಡ್ಡ ಹಿಡಿಯಬೇಕಿತ್ತು. ಹೊರಗವಚದಿಂದ ಗುಂಡಿಯವರೆಗೆ ಎಲ್ಲ ಹೊಸ ಹಗುರ ಪ್ಲಾಸ್ಟಿಕ್ಕು. ಡಿಸೆಂಬರ್ ಇಪ್ಪತ್ತರೊಳಗೆ ಅಂಗಡಿಗೆ ಬಂದರೆ ಹೊಸ ವರ್ಷದ ಉಡುಗೊರೆಗೆ ಹೋಗುತ್ತದೆ, ಕಂಪನಿ ಉಳಿಯುತ್ತದೆ. ಬರದಿದ್ದರೆ, ಅಥವಾ ಬಂದು ಟೊಂಬೊದ ದಾರಿ ಹಿಡಿದರೆ, ಟೋಕಿಯೋದ ದೊಡ್ಡ ಕಂಪನಿಯೊಂದು ಕೊಳ್ಳಲು ಕಾದು ಕೂತಿತ್ತು. ಅವರಿಗೆ ಬೇಕಾದದ್ದು ಹನೆಮಾರು ಎಂಬ ಹೆಸರು. ಆರುನೂರು ಜನ ಬೇಕಿರಲಿಲ್ಲ. ಹೆಬ್ಬೆರಳಂತೂ ಬೇಡವೇ ಬೇಡ.

ಬುಧವಾರ ಊಟದ ಮೇಲೆ ತೊಕಿಕೊ ಮಾದರಿ ಯಂತ್ರವೊಂದನ್ನು ಒತ್ತುತ್ತ ಕೂತಿದ್ದಳು. ಅಂದು ಕೈ ತೊಳೆಯುವ ನಲ್ಲಿ ರಿಪೇರಿಯಲ್ಲಿತ್ತು, ಕೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದಿದ್ದಳು. ಅರ್ಧ ಗಂಟೆಯಾಗಿರಬೇಕು. ಬಲಗಡೆಯ ಗುಂಡಿ ಏಳುವಾಗ ಒಂದು ಕೂದಲೆಳೆಯಷ್ಟು ತಡ ಮಾಡಿತು. ಮತ್ತೆ ಒತ್ತಿದಳು. ಮತ್ತೆ ತಡ. ಬೆಳಗ್ಗೆ ಎಬ್ಬಿಸಿದ ಮಗು ಇನ್ನೊಂದು ನಿಮಿಷ ಅಂದಂತೆ.

ವಿಭಾಗದ ಮುಖ್ಯಸ್ಥ ಇನುಕಾಯಿಯನ್ನು ಕರೆದು ತರಲು ಎದ್ದಳು. ಇನುಕಾಯಿ ನಲವತ್ತರವನು. ಇಪ್ಪತ್ತು ವರ್ಷದ ಹಿಂದೆ ಗುಂಡಿ ಒತ್ತುವುದನ್ನು ಅವನಿಗೆ ಕಲಿಸಿದವಳೇ ಅವಳು, ಈಗ ಅವನೇ ಮೇಲಧಿಕಾರಿ. ಇಬ್ಬರೂ ಬರುವಷ್ಟರಲ್ಲಿ ಮೇಜು ಖಾಲಿ. ಪತ್ರಿಕೆಗಳಿಗೆ ಫೋಟೋ ತೆಗೆಸಲು ಜಾಹೀರಾತು ವಿಭಾಗದವರು ಅದನ್ನೇ ಎತ್ತಿಕೊಂಡು ಟೋಕಿಯೋ ರೈಲು ಹತ್ತಿದ್ದರು.

“ಬೇರೆ ಹನ್ನೊಂದು ಮಾದರಿ ಇದೆಯಲ್ಲ, ಒತ್ತಿ ನೋಡಿ,” ಎಂದ ಇನುಕಾಯಿ.

ಅಷ್ಟರಲ್ಲಿ ನಲ್ಲಿ ಸರಿಯಾಗಿತ್ತು. ಸೋಪಿನಲ್ಲಿ ಕೈ ತೊಳೆದು, ಹೆಬ್ಬೆರಳಿನ ತುದಿ ಮಾತ್ರ ಕತ್ತರಿಸಿದ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ಅವಳು ಹನ್ನೊಂದನ್ನೂ ಒತ್ತಿದಳು. ಹನ್ನೊಂದೂ ಗುಬ್ಬಚ್ಚಿಯಂತೆ ಪುಟಿದವು. ರಬ್ಬರ್ ಬೆರಳಿನ ಯಂತ್ರ ಹತ್ತು ಲಕ್ಷ ಸಲ ಒತ್ತಿ ತಪ್ಪಿಲ್ಲ ಎಂದು ಆಗಲೇ ಚೀಟಿ ಕೊಟ್ಟಿತ್ತು.

“ನೋಡಿದ್ರಾ?” ಎಂದ ಇನುಕಾಯಿ.

“ಆ ಒಂದು ಸರಿ ಇರಲಿಲ್ಲ.”

“ಓಗಿನೋ-ಸಾನ್, ಮಾರ್ಚಿಗೆ ನಿಮಗೆ ಅರವತ್ತು. ಬೆರಳಿಗೂ ಅರವತ್ತೇ ಅಲ್ವಾ?”

“ಬೆರಳಿಗೆ ಅರವತ್ತು. ನಿನ್ನ ಕಿವಿಗೆ ತೊಂಬತ್ತು.”

ಗುರುವಾರ ಸಂಜೆ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಎಂಬತ್ತಾರರ ಅತ್ತೆ, ಕೆಳಗೆ ಕಾವು ಇರುವ ಗಿಡ್ಡ ಮೇಜಿನ ಹೊದಿಕೆಯೊಳಗೆ ಸೊಂಟದವರೆಗೆ ಕೂತು, ಒಂದಾದ ಮೇಲೊಂದು ಕಿತ್ತಳೆ ಸುಲಿಯುತ್ತಿದ್ದಳು. ನವೆಂಬರಿಂದ ಮಾರ್ಚ್‌ವರೆಗೆ ಅವಳು ಆ ಮೇಜಿಂದ ಹೊರಬಂದದ್ದನ್ನು ಕಂಡವರು ಕಡಿಮೆ.

“ಏನಾಯ್ತೇ? ಮುಖ ಉಪ್ಪಿಗೆ ಹಾಕಿದ ಗೆಡ್ಡೆ ಥರ ಆಗಿದೆ.”

“ನಾಳೆ ಮೊಹರು ಒತ್ತಬೇಕು, ಅತ್ತೆ.”

“ಒತ್ತು. ಮೂವತ್ತೊಂದು ವರ್ಷದಿಂದ ಒತ್ತೋದೇ ತಾನೆ ನಿನ್ನ ಕೆಲಸ?”

“ಒತ್ತಿದ್ರೆ ಕಂಪನಿ ಮುಳುಗಬಹುದು. ಒತ್ತದಿದ್ರೆ ಮುಳುಗೋದು ಖಂಡಿತ.”

ಅತ್ತೆ ಒಂದು ತೊಳೆ ಬಾಯಿಗಿಟ್ಟುಕೊಂಡಳು. “ಹಂಗಾದ್ರೆ ಆ ಟೊಂಬೊಗೆ ಒಂದು ಜೊತೆ ಸಿಗುತ್ತೆ ಅನ್ನು. ಇನ್ನೊಂದು ಪೀಪಾಯಿಗೆ ಕಲ್ಲೇ ಇಲ್ಲ.”

“ಹೊಸದು ಹಗುರ, ಅತ್ತೆ. ಕಲ್ಲಿಗೂ ಆಗಲ್ಲ.”

“ಅಯ್ಯೋ, ಅಷ್ಟೂ ಉಪಯೋಗ ಇಲ್ವಾ?”

ಶುಕ್ರವಾರ ಹನ್ನೊಂದಕ್ಕೆ ಪತ್ರ ತೊಕಿಕೊಳ ಮೇಜಿಗೆ ಬಂತು. ಇಪ್ಪತ್ತೊಂದು ಮೊಹರು ಬಿದ್ದಿದ್ದವು, ಗಾಳಿಗೆ ವಾಲಿದ ಪೈರಿನಂತೆ ಎಲ್ಲ ಎಡಕ್ಕೆ. ಉಳಿದದ್ದು ಅವಳ ಚೌಕ, ಅಧ್ಯಕ್ಷರ ಚೌಕ. ಮೂರು ಗಂಟೆಗೆ ಅಧ್ಯಕ್ಷರು ಕಾರ್ಖಾನೆಗೆ ಫೋನು ಮಾಡಿ ಯಂತ್ರಗಳನ್ನು ಚಾಲೂ ಮಾಡಿಸಬೇಕು. ಒಂದು ದಿನ ತಡವಾದರೂ ಸರಕು ಲಾರಿಗಳ ಸರದಿ ತಪ್ಪಿ ಹೊಸ ವರ್ಷ ಕೈಬಿಟ್ಟು ಹೋಗುತ್ತದೆ.

ಇನುಕಾಯಿ ಅವಳ ಹಿಂದೆಯೇ ನಿಂತಿದ್ದ. ಐದು ನಿಮಿಷ. ಹತ್ತು ನಿಮಿಷ.

“ಓಗಿನೋ-ಸಾನ್,” ಎಂದ ಮೆಲ್ಲಗೆ, “ನಿಮ್ಮ ಕೈಗಡಿಯಾರ ಎಷ್ಟು ಚೆನ್ನಾಗಿದೆ!”

ಕ್ಯೋಟೋದಲ್ಲಿ ಯಾರಾದರೂ ನಿಮ್ಮ ಗಡಿಯಾರ ಹೊಗಳಿದರೆ ಹೊತ್ತಾಯಿತು, ಏಳಿ ಎಂದರ್ಥ. “ನಿನ್ನದಕ್ಕಿಂತ ಚೆನ್ನಾಗಿಲ್ಲ ಬಿಡು,” ಎಂದು ತೊಕಿಕೊ ಮೊಹರಿಗೆ ಕೆಂಪು ಮಸಿ ಮುಟ್ಟಿಸಿದಳು. ಒಂದು ಕ್ಷಣ ಅದನ್ನು ಗಾಳಿಯಲ್ಲೇ ಹಿಡಿದಳು. ಬೆರಳುಗಳ ನಡುವೆ ಅರ್ಧ ಸುತ್ತು ತಿರುಗಿಸಿ ಒತ್ತಿದಳು.

ಓಗಿನೋ ಎಂಬ ಹೆಸರು ತಲೆ ಕೆಳಗೆ, ಕಾಲು ಮೇಲೆ.

ಇನುಕಾಯಿಯ ಮುಖದ ರಕ್ತವೆಲ್ಲ ಇಳಿದು ಸಾಕ್ಸಿಗೆ ಹೋಯಿತು. ತಲೆಕೆಳಗಾದ ಮೊಹರು ಎಂದರೆ, ತಡೆಯುವುದಿಲ್ಲ, ಆದರೆ ಒಪ್ಪಿಲ್ಲ ಎಂದು. ಎಲ್ಲ ಕಚೇರಿಗಳಲ್ಲೂ ಎಲ್ಲರೂ ಕೇಳಿದ್ದ, ಯಾರೂ ಕಂಡಿರದ ಸಂಗತಿ.

“ಕೈ ತಪ್ಪಿತಾ? ಕೈ ತಪ್ಪಿತು ಅನ್ನಿ. ಬೇರೆ ಹಾಳೆ ತರಿಸ್ತೀನಿ.”

“ಇಪ್ಪತ್ತೊಂದು ಜನ ಮತ್ತೆ ಬಾಗಬೇಕಾಗುತ್ತೆ. ಪಾಪ, ಸೊಂಟ ಹಿಡ್ಕೊಳ್ಳುತ್ತೆ. ಇದನ್ನೇ ತಗೊಂಡು ಹೋಗು.”

ಹನ್ನೆರಡಕ್ಕೆ ಅಧ್ಯಕ್ಷ ಕುಜುಮಿಯ ಕೋಣೆಯಿಂದ ಕರೆ ಬಂತು. ಈತ ಅಂಗಡಿ ಇಟ್ಟ ಹಿರಿಯನ ಮೊಮ್ಮಗ. ಟೊಂಬೊ ಬಂದ ಮೇಲೆ ಊರಿನ ಉಪ್ಪಿನಕಾಯಿ ಅಂಗಡಿಗಳ ಮುಂದೆ ಹಾಯುವುದನ್ನೇ ಬಿಟ್ಟಿದ್ದ, ಹಾಗಾಗಿ ಮನೆಗೆ ಹೋಗಲು ಅರ್ಧ ಊರು ಸುತ್ತುತ್ತಿದ್ದ. ಅವನು ಪತ್ರವನ್ನು ಅವಳ ಕಡೆ ತಳ್ಳಿದ.

“ಟೊಂಬೊ ಸಮಯದಲ್ಲಿ ನಿಮ್ಮದು ಸರಿಯಾಗಿ ಬಾಗಿತ್ತು, ಓಗಿನೋ-ಸಾನ್.”

“ಹೌದು ಅಧ್ಯಕ್ಷರೇ. ಅವತ್ತು ಮಾಡಿದ್ದೇ ತಪ್ಪು.”

“ಇದರಲ್ಲಿ ಏನು ದೋಷ?”

“ಬಲಗಡೆ ಗುಂಡಿ ತಡ ಮಾಡುತ್ತೆ.”

“ಯಾವ ಮಾದರಿಯಲ್ಲಿ?”

“ಟೋಕಿಯೋಗೆ ಹೋದದ್ದರಲ್ಲಿ. ಸೋಮವಾರದವರೆಗೆ ವಾಪಸು ಬರಲ್ಲವಂತೆ.”

“ಯಾಕೆ ತಡ ಮಾಡುತ್ತೆ?”

ತೊಕಿಕೊ ನೆಲ ನೋಡಿದಳು. “ಗೊತ್ತಿಲ್ಲ.”

ಕುಜುಮಿ ಪತ್ರವನ್ನು ಮತ್ತೆ ತನ್ನ ಕಡೆ ಎಳೆದುಕೊಂಡ. “ಗೊತ್ತಿಲ್ಲ ಅನ್ನೋದನ್ನ ನಂಬಿ ನಾನು ನಿಲ್ಲಿಸಿದ್ರೆ ಆರುನೂರು ಮನೆ ಬೀದಿಗೆ ಬರುತ್ತೆ. ನಂಬದೆ ಕಳಿಸಿ, ನೀವೇ ಸರಿ ಅಂತಾದ್ರೂ ಅಷ್ಟೇ. ಮೂರು ಗಂಟೆಗೆ ನಾನೇ ಕೆಳಗೆ ಬರ್ತೀನಿ. ಅಷ್ಟರಲ್ಲಿ ನಿಮ್ಮ ಬೆರಳು ಮಾತಾಡಿದ್ರೆ ಸರಿ. ಇಲ್ಲದಿದ್ರೆ ನಾನು ಮೊಹರು ಒತ್ತಿ ಕಳಿಸ್ತೀನಿ.”

ತೊಕಿಕೊ ಕೈ ತೊಳೆದಳು, ಕೈಗವಸು ಹಾಕಿದಳು, ಒತ್ತಿದಳು. ಒಂದು ಗಂಟೆಯಾಯಿತು. ಗುಂಡಿ ಪುಟಿಯಿತು. ಮತ್ತೆ ಕೈ ತೊಳೆದು ಒತ್ತಿದಳು. ಒಂದೂವರೆಯಾಯಿತು. ಪುಟಿಯಿತು. ತಪಾಸಣೆ ಸಾಲಿನ ಹೆಂಗಸರು ಕಣ್ಣು ಮಿಟುಕಿಸುವುದನ್ನೂ ಮುಂದಕ್ಕೆ ಹಾಕಿದ್ದರು. ಒಬ್ಬೊಬ್ಬರೂ ಗಡಿಯಾರ ನೋಡಿ, ಆಮೇಲೆ ಅವಳ ಬೆನ್ನು ನೋಡುತ್ತಿದ್ದರು. ಅವಳ ಬೆರಳಿನ ಮೇಲೆ ಅವಳಿಗೇ ಮೊದಲ ಸಲ ಅನುಮಾನ ಬಂತು. ಅರವತ್ತೇ ಇರಬಹುದೇನೋ.

ಎರಡು ದಾಟಿತು. ಎದುರಿಗೆ ಕೂತ ಇನುಕಾಯಿಗೆ ಆತಂಕವಾದರೆ ಏನಾದರೂ ತಿನ್ನಬೇಕು. ತಪಾಸಣೆ ಕೋಣೆಯಲ್ಲಿ ತಿನ್ನಬಾರದು ಎಂದು ಗೋಡೆಯ ಮೇಲೆ ಬರೆಸಿದವನೂ ಅವನೇ. ಜೇಬಿಂದ ಕಿತ್ತಳೆ ತೆಗೆದು, ಮೇಜಿನ ಕೆಳಗೆ ಸುಲಿಯತೊಡಗಿದ. ಸಿಪ್ಪೆಯ ಎಣ್ಣೆ ಚಿಮ್ಮಿ ಕೋಣೆಯೆಲ್ಲ ಘಮ ಎಂದಿತು.

“ಇನುಕಾಯಿ!”

“ಕ್ಷಮಿಸಿ, ಕ್ಷಮಿಸಿ, ಇದೊಂದೇ, ಬೇಗ ಮುಗಿಸ್ತೀನಿ...”

“ಅದಲ್ಲ. ಬುಧವಾರ ಊಟಕ್ಕೆ ನಾನು ಏನು ತಿಂದೆ?”

“ನನಗೇನು ಗೊತ್ತು? ಅನ್ನ, ಮೀನು, ಯಾವಾಗಿನ ಹಾಗೆ ಕೊನೆಗೊಂದು ಕಿತ್...” ಇನುಕಾಯಿ ತನ್ನ ಕೈಯಲ್ಲಿದ್ದ ಹಣ್ಣು ನೋಡಿದ.

“ನಲ್ಲಿ ರಿಪೇರಿ. ಕೈ ತೊಳೆದಿರಲಿಲ್ಲ. ಕೊಡು ಇಲ್ಲಿ.”

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತೊಕಿಕೊ ಕೈಗವಸು ಕಿತ್ತು ಬಿಸುಟಳು. ಕಿತ್ತಳೆ ಸಿಪ್ಪೆಯನ್ನು ಬೆರಳಲ್ಲಿ ಹಿಂಡಿದಳು, ಎಣ್ಣೆಗೈಯಲ್ಲಿ ಹಿಬಾರಿ ಎತ್ತಿಕೊಂಡಳು, ಒತ್ತತೊಡಗಿದಳು. ಹಿರಿಯ ಕುಜುಮಿಯ ಎರಡನೆಯ ಕಟ್ಟಳೆ ಪಾಲಿಸಲೆಂದೇ ಹನೆಮಾರುವಿನಲ್ಲಿ ಮೂರು ತಲೆಮಾರಿನಿಂದ ತೊಳೆದ ಕೈಯಲ್ಲೇ ಎಲ್ಲವನ್ನೂ ಮುಟ್ಟಿದ್ದರು. ಜಪಾನಿನ ಮಕ್ಕಳು ಹೊಸ ವರ್ಷದ ರಜೆಯನ್ನೆಲ್ಲ ಕಾವಿನ ಮೇಜಿನ ಕೆಳಗೆ ಕಾಲು ಚಾಚಿ, ಕಿತ್ತಳೆ ಸುಲಿಯುತ್ತ ಕಳೆಯುತ್ತಾರೆ ಎಂದು ಆ ಇಪ್ಪತ್ಮೂರು ಜನಕ್ಕೂ ಗೊತ್ತು, ತಾವೂ ಹಾಗೇ ಕಳೆಯುತ್ತಾರೆ. ಕಚೇರಿಗೆ ಬರುವಾಗ ಅದನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬಂದಿದ್ದರು.

ಎರಡೂ ಇಪ್ಪತ್ತು. ಪುಟಿಯಿತು. ಎರಡೂವರೆ. ಪುಟಿಯಿತು. ಎಣ್ಣೆ ಒಣಗಿದಾಗ ಇನ್ನೊಂದು ಸಿಪ್ಪೆ ಹಿಂಡಿದಳು. ಸಾಲಿನ ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಎರಡೂ ನಲವತ್ತು. ಇನುಕಾಯಿ ಬರಿಯ ಸಿಪ್ಪೆಯನ್ನೇ ಅಗಿಯುತ್ತಿದ್ದ, ಅವನಿಗೆ ಗೊತ್ತಿರಲಿಲ್ಲ.

ಎರಡೂ ನಲವತ್ತೇಳಕ್ಕೆ ಗುಂಡಿ ಕೆಳಗೆ ಹೋಯಿತು. ಮೇಲೆ ಬರಲಿಲ್ಲ.

ಮೂರಕ್ಕೆ ಕುಜುಮಿ ಪತ್ರ ಹಿಡಿದು ಬಂದ. ತೊಕಿಕೊ ಯಂತ್ರವನ್ನು ಅವನ ಕೈಗಿಟ್ಟಳು. ಪುಟ್ಟ ಪರದೆಯಲ್ಲಿ ಬಾನಾಡಿ ಹಕ್ಕಿ ಮೇಲೆ ಹಾರುತ್ತಿತ್ತು. ಗುಂಡಿ ಬಿಟ್ಟರೆ ಇಳಿಯಬೇಕು. ಅವನು ಬೆರಳು ತೆಗೆದ. ಹಕ್ಕಿ ಹಾರುತ್ತಲೇ ಇತ್ತು, ಮೋಡ ದಾಟಿತು, ಪರದೆಯೇ ಮುಗಿಯಿತು.

“ಹಾರೋದೇನೋ ಹಾರಿತು,” ಎಂದ ಕುಜುಮಿ.

ಕಿತ್ತಳೆ ಎಣ್ಣೆಗೆ ಹೊಸ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ಹೊರಗವಚ ದಪ್ಪ, ತಡೆಯುತ್ತದೆ. ಗುಂಡಿಯ ಅಂಚು ತೆಳು, ಉಬ್ಬಿ ಕಚ್ಚಿಕೊಳ್ಳುತ್ತದೆ. ಬೇರೆ ಪ್ಲಾಸ್ಟಿಕ್ಕಿನಲ್ಲಿ ಗುಂಡಿ ಮಾಡಿಸಲು ಎರಡು ತಿಂಗಳು. ಕುಜುಮಿ ಪತ್ರವನ್ನು ಮೇಜಿನ ಮೇಲಿಟ್ಟು, ತಾನೂ ಒಂದು ಕುರ್ಚಿ ಎಳೆದು ಕೂತ. ಮೇಲಿನ ಮಹಡಿಯಲ್ಲಿ ಕಾರ್ಖಾನೆಯವರ ಫೋನು ಬಡಿದುಕೊಳ್ಳುತ್ತಿತ್ತು. ಯಾರೂ ಎತ್ತಲಿಲ್ಲ.

“ಅಧ್ಯಕ್ಷರೇ,” ಎಂದಳು ತೊಕಿಕೊ, “ನಮ್ಮನೇಲಿ ಒಂದು ಟೊಂಬೊ ಇದೆ.”

ಕುಜುಮಿ ಕಣ್ಣು ಮುಚ್ಚಿದ. “ಪೀಪಾಯಿ ಮೇಲಾ?”

“ಕ್ಷಮಿಸಬೇಕು. ಹೌದು. ನಾಲ್ಕು ವರ್ಷದಿಂದ ಉಪ್ಪುನೀರಲ್ಲಿ, ಯುಜು ನಿಂಬೆ ಸಿಪ್ಪೆ ಜೊತೆ ನೆನೀತಾ ಇದೆ. ಅದೂ ಕಿತ್ತಳೆ ಜಾತೀದೇ. ಪ್ರತಿ ಸಲ ಎತ್ತಿಡುವಾಗ ಅಭ್ಯಾಸ ನೋಡಿ, ಗುಂಡಿ ಒತ್ತಿ ನೋಡ್ತೀನಿ. ಇವತ್ತಿಗೂ ಪುಟಿಯುತ್ತೆ.”

ಕುಜುಮಿ ಕಣ್ಣು ತೆರೆದ. ಟೊಂಬೊದ ಗುಂಡಿ, ಹಿಬಾರಿಯ ಗುಂಡಿ, ಎರಡೂ ಅಂಟುವಾಳದ ಬೀಜದ ಅಳತೆ. ಫುಶಿಮಿಯ ಗೋದಾಮಿನಲ್ಲಿ ಮಾರಾಟವಾಗದ ಟೊಂಬೊಗಳು ಸೂರಿನವರೆಗೆ ಪೇರಿಸಿ ಬಿದ್ದಿದ್ದವು.

ಅಧ್ಯಕ್ಷರ ಕಾರೇ ತೊಕಿಕೊಳ ಮನೆಗೆ ಓಡಿತು. ಫೋನಿನಲ್ಲಿ ಅತ್ತೆ ಸುಲಭಕ್ಕೆ ಒಪ್ಪಲಿಲ್ಲ. “ಕಲ್ಲು ಒಯ್ದರೆ ನನ್ನ ಗೆಡ್ಡೆ ಗತಿ ಏನು? ಅಧ್ಯಕ್ಷರು ಬಂದು ಪೀಪಾಯಿ ಮೇಲೆ ಕೂರ್ತಾರಾ?”

“ಬೇಕಾದ್ರೆ ಕೂರ್ತೀನಿ ಅನ್ನಿ!” ಎಂದು ಕುಜುಮಿ ಪಕ್ಕದಿಂದ ಕೂಗಿದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಟೊಂಬೊ ಬಂತು, ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಂಟಿಯಾಗಿ, ಮಂತ್ರಿಯ ಹಾಗೆ. ವಾಸನೆ ಅದಕ್ಕಿಂತ ಒಂದು ಬೀದಿ ಮೊದಲೇ ಬಂದಿತ್ತು. ಇನುಕಾಯಿ ಗುಂಡಿ ಕಿತ್ತ, ಹಿಬಾರಿಯಲ್ಲಿ ಕೂರಿಸಿದ. ಟಕ್ ಎಂದು ಕೂತಿತು. ತೊಕಿಕೊ ಕಿತ್ತಳೆ ಹಿಂಡಿದಳು, ಅರ್ಧ ಗಂಟೆಯಿಡೀ ಒತ್ತಿದಳು. ಆ ಅರ್ಧ ಗಂಟೆಯಲ್ಲಿ ಕುಜುಮಿ ಒಂದು ವರ್ಷದ ಉಸಿರನ್ನು ಹಿಡಿದಿಟ್ಟಿರಬೇಕು. ಹಕ್ಕಿ ಏರಿತು, ಇಳಿಯಿತು. ಏರಿತು, ಇಳಿಯಿತು.

“ಬೆರಳು ಏನನ್ನುತ್ತೆ?”

“ಹೂಂ ಅನ್ನುತ್ತೆ.”

ಕುಜುಮಿ ಎದ್ದು ಪತ್ರವನ್ನು ಅರ್ಧ ಸುತ್ತು ತಿರುಗಿಸಿಟ್ಟ. ಈಗ ಇಪ್ಪತ್ತೊಂದು ಹೆಸರುಗಳು ತಲೆಕೆಳಗಾಗಿದ್ದವು, ಓಗಿನೋ ಒಂದೇ ನೆಟ್ಟಗೆ ನಿಂತಿತ್ತು. ಹಾಗೇ ತಿರುಗಿದ ಹಾಳೆಯ ಮೇಲೆ, ಅವಳ ಮೊಹರಿನ ಕಡೆಗೆ ಒಂದಿಷ್ಟು ವಾಲಿಸಿ, ತನ್ನದನ್ನು ಒತ್ತಿದ. ಆಮೇಲೆ ಫೋನೆತ್ತಿ ಕಾರ್ಖಾನೆಗೆ, “ಚಾಲೂ ಮಾಡಿ, ಗುಂಡಿ ಬಿಟ್ಟು,” ಎಂದ. ಲಾರಿಗಳ ಸರದಿಗೆ ಒಂದೂವರೆ ಗಂಟೆ ತಡವಾಗಿತ್ತು. ಲಾರಿಯವರಿಗೆ ಅವನೇ ಹೋಗಿ ತಲೆ ಬಾಗಿ ಬಂದ.

ಮುಂದಿನ ಮೂರು ವಾರ ಅಡುಗೆಯವರಿಂದ ಹಿಡಿದು ನಿರ್ದೇಶಕರವರೆಗೆ ಆರುನೂರು ಜನವೂ ಫುಶಿಮಿಯ ಗೋದಾಮಿನಲ್ಲಿ ಕೂತು ಟೊಂಬೊಗಳ ಗುಂಡಿ ಕಿತ್ತರು. ಹಿಬಾರಿ ಡಿಸೆಂಬರ್ ಹತ್ತೊಂಬತ್ತಕ್ಕೆ ಅಂಗಡಿಗೆ ಬಂತು. ಬೇಕಾದದ್ದರ ಅರ್ಧದಷ್ಟೇ ಬಂದದ್ದರಿಂದ ಅಂಗಡಿಗಳ ಮುಂದೆ ಸಾಲು ನಿಂತಿತು, ಸಾಲು ನೋಡಿ ಇನ್ನಷ್ಟು ಸಾಲು ನಿಂತಿತು. ಟೋಕಿಯೋದವರು ಬೇರೊಂದು ಹೆಸರು ಹುಡುಕಿಕೊಂಡು ಹೋದರು. ಹನೆಮಾರು ಇನ್ನು ನೂರು ವರ್ಷ ಬಾಳುತ್ತದೆ ಎಂದು ಯಾರೂ ಹೇಳಲಿಲ್ಲ. ಮುಂದಿನ ಯಂತ್ರದವರೆಗೆ ಬಾಳುತ್ತದೆ ಎಂದರು. ಆ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಭವಿಷ್ಯ ಯಾರಿಗೂ ಇಲ್ಲ.

ಮಾರ್ಚಿನಲ್ಲಿ ತೊಕಿಕೊ ನಿವೃತ್ತಳಾದಳು. ಅತ್ತೆಗೆ ಕಂಪನಿಯಿಂದ ನದಿಯ ನುಣುಪು ಕಲ್ಲೊಂದು ಉಡುಗೊರೆಯಾಗಿ ಬಂತು. ಮನೆಯ ಟೊಂಬೊ ವಾಪಸು ಬರಲಿಲ್ಲ. ಡಿಸೆಂಬರಿನಲ್ಲಿ ಗುಂಡಿ ಕೀಳುವ ಕೊನೆಯ ದಿನ ಎಣಿಸಿದಾಗ ಒಂದು ಕಡಿಮೆ ಬಿದ್ದಿತ್ತು, ಮಾದರಿಯಲ್ಲಿ ಕೂತಿದ್ದ ಆ ಟೊಂಬೊದ ಗುಂಡಿಯನ್ನೇ ಕಿತ್ತು ತೊಳೆದು ಕೂರಿಸಿ ಕಳಿಸಿದರು. ಜಪಾನಿನ ಯಾವುದೋ ಊರಿನಲ್ಲಿ, ಕಾವಿನ ಮೇಜಿನ ಕೆಳಗೆ ಕಾಲು ಚಾಚಿ ಕೂತ ಯಾವುದೋ ಮಗುವಿಗೆ, ಆಟ ಬಿರುಸಾದಾಗಲೆಲ್ಲ ಉಪ್ಪಿನಕಾಯಿ ತಿನ್ನುವ ಆಸೆಯಾಗುತ್ತಿರಬೇಕು.